ಪದ ಬೇಕು: ವರ್ಶಿಪ್‌ಫುಲ್ ಮಾಸ್ಟರ್ (ಪ್ರಿನ್ಸ್ ಹಾಲ್ ಲೇಖನಕ್ಕೆ)

> ಹದಿನೆಂಟನೇ ಶತಮಾನದ ಅಮೆರಿಕದ ಕಪ್ಪು ಜನರ ನಾಯಕ ಪ್ರಿನ್ಸ್ ಹಾಲ್ ಬದುಕಿನ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ಅವರು ಬಾಸ್ಟನ್ನಿನ ಆಫ್ರಿಕನ್ ಲಾಡ್ಜ್ ಎಂಬ ಫ್ರೀಮೇಸನ್ ಕೂಟದ (ಕಲ್ಲುಕೆಲಸದವರ ಪದ, ಗುರುತು ಬಳಸುವ ಸಂಘ) ಮೊದಲ ಮುಖ್ಯಸ್ಥ, ಅಂದರೆ ವರ್ಶಿಪ್‌ಫುಲ್ ಮಾಸ್ಟರ್. ಸದ್ಯಕ್ಕೆ 'ಪೂಜ್ಯ ಒಡೆಯರು' ಅಂತ ಹಾಕಿದ್ದೇನೆ. ನಾಳೆ ಸಂಜೆ ಕೊಡಬೇಕು. ಸರೀನಾ?

ಸರಿಯಿಲ್ಲ. ನಿನ್ನೆ ಅವಸರದಲ್ಲಿ 'ಮೇಸ್ತ್ರಿ ಹಾಕಿ' ಅಂತ ಒಂದೇ ಸಾಲು ಬರೆದೆ, ಅದಕ್ಕೆ ಇಷ್ಟು ಗಲಾಟೆ ಆಯಿತು. ಈಗ ಪೂರ್ತಿ ಬರೆಯುತ್ತೇನೆ.

ನೀವು ಕಳಿಸಿದ ಎರಡನೇ ಪ್ಯಾರಾದಲ್ಲಿ '1770ರಲ್ಲಿ ಒಡೆಯ ಅವರನ್ನು ಬಿಡುಗಡೆ ಮಾಡಿದ' ಎಂದಿದೆ. ಐದನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಅವರೇ 'ಪೂಜ್ಯ ಒಡೆಯರು'! ಇಂಗ್ಲಿಷಿನಲ್ಲಿ ಗುಲಾಮನನ್ನು ಇಟ್ಟುಕೊಂಡವನೂ ಮಾಸ್ಟರ್, ಕಸುಬು ಬಲ್ಲವನೂ ಮಾಸ್ಟರ್. ಕನ್ನಡದಲ್ಲಿ ಆ ತೊಡಕು ಇಲ್ಲ, ನಾವಾಗಿ ಯಾಕೆ ತಂದುಕೊಳ್ಳಬೇಕು? ಗುಲಾಮಗಿರಿ ನಿಲ್ಲಿಸಿ ಅಂತ 1777ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಹಾಕಿದವರಲ್ಲಿ ಈ ಮನುಷ್ಯ ಒಬ್ಬರು. ಅವರ ಹೆಸರಿನ ಪಕ್ಕ 'ಒಡೆಯ' ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. 'ಯಜಮಾನ'ಕ್ಕೂ ಇದೇ ತಕರಾರು.

'ಪೂಜ್ಯ'ವೂ ಬೇಡ. ವರ್ಶಿಪ್ ಅಂದರೆ ಪೂಜೆ ಎನ್ನುವುದು ಈಗ ಎದ್ದು ಕಾಣುವ ಅರ್ಥ, ಅಷ್ಟೇ. ಅದರ ಬೇರು ವರ್ತ್, ಅಂದರೆ ಯೋಗ್ಯತೆ, ಘನತೆ. ಇಂಗ್ಲೆಂಡಿನಲ್ಲಿ ಮೇಯರುಗಳಿಗೂ ಇದೇ ಬಿರುದು ಹಚ್ಚುತ್ತಿದ್ದರು. ನಮ್ಮಲ್ಲಿ ಆ ಜಾಗಕ್ಕೆ 'ಮಾನ್ಯ' ಇದೆ.

ಇನ್ನು ಮೇಸ್ತ್ರಿ. ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದದ್ದು, ಅದರ ಹಿಂದೆ ಲ್ಯಾಟಿನ್ನಿನ 'ಮಗಿಸ್ತೆರ್'. ಇಂಗ್ಲಿಷಿನ ಮಾಸ್ಟರ್ ಕೂಡ ಅದೇ ಬೇರಿನದು, ನಮ್ಮ ಶಾಲೆಯ ಮೇಷ್ಟ್ರೂ ಕೊನೆಗೆ ಅಲ್ಲಿಗೇ ಹೋಗುತ್ತಾರೆ. ಮೂರರಲ್ಲಿ ಮೇಸ್ತ್ರಿಗೆ ಮಾತ್ರ ಕನ್ನಡದಲ್ಲಿ 'ಮನೆ ಕಟ್ಟುವವನು' ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. ಮೇಸನ್ ಅಂದರೂ ಅದೇ ಅಲ್ವಾ? ಇಷ್ಟು ಚೆನ್ನಾಗಿ ಕೂರುವ ಪದ ಇನ್ನೆಲ್ಲಿ ಸಿಗುತ್ತದೆ? ನಮ್ಮ ಮನೆಗೆ ಮೇಲಂತಸ್ತು ಕಟ್ಟುವಾಗ ಮೇಸ್ತ್ರಿ ಪ್ರತಿ ಮೂಲೆಗೂ ಮೂಲೆಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಸ್ವಲ್ಪ ಆಚೀಚೆ ಆಗಿದ್ದರೆ ಹಸಿ ಇಟ್ಟಿಗೆಸಾಲನ್ನೇ ಕೆಡವಿಸುತ್ತಿದ್ದರು. ಮೇಸನ್‌ಗಳ ಕೂಟದಲ್ಲಿ ಮಾಸ್ಟರ್ ಕೊರಳಿಗೆ ಹಾಕಿಕೊಳ್ಳುವ ಪದಕವೂ ಅದೇ ಮೂಲೆಮಟ್ಟ.

ಮೇಸ್ತ್ರಿ ಬೇಡ ಅಂತ ಕೊಡಗಿನ ಗೆಳೆಯರು ಹೇಳಿದ್ದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಕಾಫಿ ತೋಟದಲ್ಲಿ ಮೇಸ್ತ್ರಿ ಅಂದರೆ ಮುಂಗಡ ಕೊಟ್ಟು ಆಳು ತರುವವನು, ಆ ಸಾಲದ ನೆನಪು ಕಹಿಯೇ. ಅದಕ್ಕೆ ಮೊದಲ ಸಲ ಬಂದಾಗ ಕಲ್ಲುಕೆಲಸದ ನೆನಪು ಬರುವಂತೆ ಒಂದು ಸಾಲು ಸೇರಿಸಿ.

'ಓಜ' ಹಾಕಿ ಎಂದವರಿಗೆ: ಪದ ನನಗೂ ಇಷ್ಟ. ಗುರುವೂ ಹೌದು, ಶಿಲ್ಪಿಯೂ ಹೌದು, ಬೇಲೂರು ದೇಗುಲದ ಶಿಲ್ಪಿ ದಾಸೋಜನ ಹೆಸರಿನಲ್ಲೇ ಇದೆ. ಆದರೆ ನಾಳೆ ಓದುವವರಿಗೆ ಅಡಿಟಿಪ್ಪಣಿ ಇಲ್ಲದೆ ಗೊತ್ತಾಗುವುದಿಲ್ಲ.

> ಮೇಸ್ತ್ರಿ ಕನ್ನಡವೇ ಅಲ್ಲ. 'ಮೇಲಾಳು' ಸಾಕು. ಗುಲಾಮ ಬೇಡ, ತೊತ್ತು. ಸನ್ನದು ಬೇಡ, ಒಪ್ಪೋಲೆ.

ಹೀಗೆ ಬರೆದ ಇನ್ನೊಬ್ಬರಿಗೆ: ಮೇಲಾಳು ಅಂತ ಯಾರೂ ಯಾರನ್ನೂ ಕರೆದದ್ದು ನಾನು ಕೇಳಿಲ್ಲ. ತೊತ್ತು ಹೆಚ್ಚಾಗಿ ಹೆಂಗಸಿಗೆ ಬಳಸುವ ಮಾತು, ಈಗ ಬೈಗುಳ. ಓಜ ಪ್ರಾಕೃತದಿಂದ ಬಂದದ್ದು ಅಂತ ಅದನ್ನೂ ಬೇಡ ಎಂದಿರಿ. ಪ್ರಿನ್ಸ್ ಹಾಲ್ ಬದುಕನ್ನು ನಾಲ್ಕು ಪದದಲ್ಲಿ ಹೇಳುವುದಾದರೆ ಗುಲಾಮ, ಅರ್ಜಿ, ಸನ್ನದು, ಮೇಸ್ತ್ರಿ. ನಾಲ್ಕೂ ಹೊರಗಿನಿಂದ ಬಂದವು. ನಾಲ್ಕೂ ನನ್ನ ಅಜ್ಜಿಗೆ ಗೊತ್ತಿದ್ದವು, ಅವರು ಶಾಲೆಗೆ ಹೋದವರಲ್ಲ. ಜಾಸ್ತಿ ವಾದ ಬೇಕಿಲ್ಲ. ಕಚೇರಿಯಲ್ಲಿ ಅರ್ಜಿ ಕೊಟ್ಟು ಕಾದವರ ಹತ್ತಿರ ಹೋಗಿ ಆ ಪದ ನಿಮ್ಮದಲ್ಲ ಅಂತ ಹೇಳಿ ನೋಡಿ.

ಮತ್ತೆ ಅನುವಾದಕರಿಗೆ: ಈ ಅರ್ಜಿ ಎಂಬ ಪದ ಲೇಖನದ ಉದ್ದಕ್ಕೂ ಉಳಿಯಲೇಬೇಕು, ಯಾಕೆಂದರೆ ಅವರ ಸೇವೆ ಅಂದರೆ ಅದೇ. 1787ರಲ್ಲಿ ಹಾಕಿದ ಅರ್ಜಿ: ನಾವೂ ತೆರಿಗೆ ಕಟ್ಟುತ್ತೇವೆ, ನಮ್ಮ ಮಕ್ಕಳಿಗೂ ಶಾಲೆ ಬೇಕು. ಮರುವರ್ಷ ಬಾಸ್ಟನ್ನಿನಲ್ಲಿ ಮೂವರು ಸ್ವತಂತ್ರ ಕಪ್ಪು ಜನರನ್ನು ಮೋಸದಿಂದ ಹಡಗು ಹತ್ತಿಸಿ ಕೆರಿಬಿಯನ್ ಕಡೆಗೆ ಮಾರಲು ಒಯ್ದಾಗ ಮತ್ತೆ ಅರ್ಜಿ. ಆ ಮಾರ್ಚಿನಲ್ಲೇ ರಾಜ್ಯ ಗುಲಾಮರ ವ್ಯಾಪಾರಕ್ಕೆ ತಡೆ ಹಾಕಿತು, ಮೂವರೂ ಊರಿಗೆ ವಾಪಸು ಬಂದರು. ಇಂಥ ಕಡೆ 'ಮನವಿ' ಮೆತ್ತಗಾಗುತ್ತದೆ.

ಸನ್ನದಿಗೂ, ಅಂದರೆ ಕೂಟ ನಡೆಸಲು ಕೊಡುವ ಅಧಿಕಾರಪತ್ರಕ್ಕೂ, ಕಥೆ ಇದೆ. 1775ರಲ್ಲಿ ಅವರನ್ನೂ ಇನ್ನೂ 14 ಜನರನ್ನೂ ಸೇರಿಸಿಕೊಂಡದ್ದು ಬ್ರಿಟಿಷ್ ಸೇನೆಯ ಜೊತೆಗಿದ್ದ ಐರಿಶ್ ಲಾಡ್ಜ್. ಪೂರ್ಣ ಅಧಿಕಾರದ ಸನ್ನದು ಲಂಡನ್ನಿನಲ್ಲಿ 1784ರಲ್ಲಿ ಬರೆದದ್ದು, ಬಾಸ್ಟನ್ನಿಗೆ ತಲುಪಿದ್ದು 1787ರಲ್ಲಿ. ನೀವು ಬರೆದ 'ಪರವಾನಗಿ' ಅಂಗಡಿಯದ್ದು. ವಕೀಲರು ಇಂದಿಗೂ ಪಡೆಯುವುದು ಸನ್ನದೇ.

'ಲಾಡ್ಜ್' ಅಂದರೆ ನಮಗೆ ಬಸ್ ಸ್ಟ್ಯಾಂಡ್ ಎದುರಿನ ರೂಮು. ಹಾಗಾಗಿ ಹೆಸರಿನಲ್ಲಿ ಮಾತ್ರ ಇರಲಿ, ಉಳಿದ ಕಡೆ 'ಕೂಟ'. ಶುರುವಿನಲ್ಲಿ ಹೀಗೆ ಬರಲಿ: 'ಕಲ್ಲುಕೆಲಸದವರ ಹಳೆಯ ಸಂಘಗಳಿಂದ ಪದ, ಗುರುತು ಪಡೆದ ಫ್ರೀಮೇಸನ್ ಕೂಟಗಳಲ್ಲಿ ಮುಖ್ಯಸ್ಥನನ್ನು ಮಾನ್ಯ ಮೇಸ್ತ್ರಿ ಎನ್ನಬಹುದು.' ಆಮೇಲೆ 'ಮೇಸ್ತ್ರಿ' ಸಾಕು.

ಇನ್ನೊಂದು. ಅವರ ಕಸುಬು ಚರ್ಮ ಹದ ಮಾಡುವುದು. 1777ರಲ್ಲಿ ಬಾಸ್ಟನ್ನಿನ ಫಿರಂಗಿ ದಳಕ್ಕೆ ಅವರು ಮಾಡಿಕೊಟ್ಟದ್ದನ್ನು ನೀವು 'ಐದು ಡೋಲಿನ ತಲೆಗಳು' ಎಂದಿದ್ದೀರಿ. ಅದು ಮುಚ್ಚಿಗೆ. ಮದ್ದಳೆ ಬಾರಿಸುವವರು ಯಾರನ್ನು ಕೇಳಿದರೂ ಹೇಳುತ್ತಾರೆ.