ಟೊಮೇಟೊ ಕಾಯಿ ದಪ್ಪ ಆಗಿದೆ, ಬಣ್ಣವೇ ತಿರುಗ್ತಿಲ್ಲ

ಕುಂಡದತೋಟ:
ಎಡಿನ್‌ಬರೊದಲ್ಲಿ ದಕ್ಷಿಣ ದಿಕ್ಕಿನ ಗೋಡೆ ಪಕ್ಕ, ಕುಂಡಗಳಲ್ಲಿ ಮನಿಮೇಕರ್ ತಳಿಯ ಟೊಮೇಟೊ ಹಾಕಿದೀನಿ. ಗಿಡಕ್ಕೆ ನಾಲ್ಕೈದು ಗೊಂಚಲಿದೆ. ಆಗಸ್ಟ್ ಮುಗೀತಾ ಬಂತು, ಒಂದೂ ಕೆಂಪಾಗಿಲ್ಲ. ಹಗಲು 17–18 ಡಿಗ್ರಿ, ರಾತ್ರಿ 9–10. ಕಾಯಿಗೆ ಬಿಸಿಲು ಬೀಳಲಿ ಅಂತ ಎಲೆಗಳನ್ನ ಸವರಿಬಿಡಲಾ? ಗೊಬ್ಬರ ಜಾಸ್ತಿ ಹಾಕಲಾ?

ಹಸಿರುಬೇಲಿ:
ಎರಡೂ ಬೇಡ. ಟೊಮೇಟೊ ಹಣ್ಣಾಗೋಕೆ ಬೇಕಿರೋದು ಬೆಚ್ಚಗಿನ ಹವೆ, ಕಾಯಿ ಮೇಲೆ ನೇರ ಬಿಸಿಲಲ್ಲ. ಕಾಯಿಗೆ ಸಿಹಿ ಬರೋದೇ ಎಲೆಗಳಿಂದ, ಅವನ್ನ ಸವರಿದ್ರೆ ಹಣ್ಣು ಸಪ್ಪೆ. ತೀರಾ ಕೆಳಗಿನ ಗೊಂಚಲಿಗಿಂತ ಕೆಳಗಿರೋ ಎಲೆ ಮಾತ್ರ ತೆಗೀರಿ, ಗಾಳಿ ಆಡುತ್ತೆ.

20ರಿಂದ 25 ಡಿಗ್ರಿಯಲ್ಲಿ ಬಣ್ಣ ಚೆನ್ನಾಗಿ ತಿರುಗುತ್ತೆ. ಸುಮಾರು 10 ಡಿಗ್ರಿಗೆ ಇಳಿದ್ರೆ ಕೆಂಪು ಬಣ್ಣ ಕೊಡೋ ಲೈಕೊಪೀನ್ ಕಟ್ಟೋದು ಹೆಚ್ಚುಕಮ್ಮಿ ನಿಂತೇಹೋಗುತ್ತೆ. (ನಮ್ಮೂರ ಕಡೆ ಬೇಸಿಗೆಯಲ್ಲಿ 30 ದಾಟಿದಾಗ ಹಣ್ಣು ಹಳದಿ-ಕಿತ್ತಳೆಯಲ್ಲೇ ಉಳಿಯೋದೂ ಲೈಕೊಪೀನ್ ಕಟ್ಟದೇ ಇರೋದ್ರಿಂದ.)

ಇವತ್ತೇ ತುದಿ ಕುಡಿ ಚಿವುಟಿ, ಮೇಲಿನ ಗೊಂಚಲಿನ ಮೇಲೆ ಎರಡು ಎಲೆ ಉಳಿಸಿ. ಹೂವು, ಗೋಲಿಗಿಂತ ಚಿಕ್ಕ ಕಾಯಿ ಎಲ್ಲ ಕಿತ್ತುಹಾಕಿ. ಕಾಯಿ ಕಚ್ಚಿದ ಮೇಲೆ ಬಲಿಯೋಕೇ 40–50 ದಿನ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಸಾರಜನಕದ ಗೊಬ್ಬರ ಹಾಕಿದ್ರೆ ಬರೀ ಚಿಗುರು ಬರುತ್ತೆ. ಪೊಟ್ಯಾಷ್ ಇರೋ ಟೊಮೇಟೊ ಫೀಡ್ ಸಾಕು, ಬಾಟಲಿ ಮೇಲಿನ ಅಳತೆ ಮೀರಬೇಡಿ. ಕುಂಡ ಗೋಡೆಗೆ ತಾಗಿಸಿಡಿ, ಸಂಜೆ ಫ್ಲೀಸ್ (ಗಿಡಕ್ಕೆ ಹೊದಿಸೋ ತೆಳು ಬಟ್ಟೆ) ಹೊದಿಸಿ, ಬೆಳಗ್ಗೆ ತೆಗೀರಿ.

ದೋರೆಗಾಯಿ:
ಪೂರ್ತಿ ಕೆಂಪಾಗೋವರೆಗೂ ಗಿಡದಲ್ಲೇ ಇರಬೇಕಿಲ್ಲ. ಕಾಯಿಯ ತಳದಲ್ಲಿ ನಸುಗೆಂಪು ಕಂಡ ತಕ್ಷಣ ಕಿತ್ತು ಒಳಗಿಡಿ, ರುಚಿ ಕೆಡಲ್ಲ.

ಇನ್ನೂ ಹಸಿರಿರೋದು ಬಲಿತಿದ್ಯಾ ಅಂತ ತಿಳಿಯೋಕೆ ಒಂದನ್ನ ಅಡ್ಡ ಕೊಯ್ದು ನೋಡಿ. ಬೀಜದ ಸುತ್ತ ಲೋಳೆ ತುಂಬಿ, ಬೀಜ ಚಾಕುವಿಗೆ ಸಿಗದೆ ಜಾರಿದ್ರೆ ಬಲಿತಿದೆ. ಬೀಜ ತುಂಡಾದ್ರೆ ಎಳೇದು, ಅದು ಹಣ್ಣಾಗಲ್ಲ, ಗೊಜ್ಜಿಗೆ ಹಾಕಿ.

ಬಲಿತವನ್ನ ರಟ್ಟಿನ ಪೆಟ್ಟಿಗೆಯಲ್ಲಿ ಒಂದೇ ಪದರ ಜೋಡಿಸಿ, ಜೊತೆಗೆ ಮಾಗಿದ ಬಾಳೆಹಣ್ಣು ಇಟ್ಟು ಮುಚ್ಚಿ. ಬಾಳೆಹಣ್ಣಿಂದ ಬರೋ ಎಥಿಲೀನ್ ಅನಿಲ ಕಾಯನ್ನ ಹಣ್ಣು ಮಾಡುತ್ತೆ. 20 ಡಿಗ್ರಿಯಲ್ಲಿ ಸುಮಾರು ಎರಡು ವಾರ, 13ರಲ್ಲಿ ನಾಲ್ಕು ವಾರ. ಕೊಳೆತದ್ದನ್ನ ಆಗಾಗ ಆರಿಸಿ ತೆಗೀರಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಹಸಿರು ಕಾಯಿ ಆಮೇಲೆ ಬಣ್ಣವೇ ಹತ್ತಲ್ಲ.

ಕುಂಡದತೋಟ:
ಥ್ಯಾಂಕ್ಸ್. ಪೆಟ್ಟಿಗೆ ಬದಲು ಕಿಟಕಿ ಹತ್ತಿರ ಇಡಬಹುದಾ?

ದೋರೆಗಾಯಿ:
ಇಡಬಹುದು, ಆದ್ರೆ ಬೆಳಕಿಂದ ಲಾಭವೇನಿಲ್ಲ. ರಾತ್ರಿ ಗಾಜಿನ ಪಕ್ಕ ಥಂಡಿ ಜಾಸ್ತಿ, ಅಡುಗೆಮನೆ ಕಪಾಟೇ ವಾಸಿ.

ಅಂಗಳ:
ಅಲ್ಲಿ ಚಳಿಗಿಂತ ದೊಡ್ಡ ಕಾಟ ಅಂಗಮಾರಿ. ಆಲೂಗಡ್ಡೆಗೆ ಬರೋ ಅದೇ ರೋಗ. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಇಳಿಯದೆ, ದಿನಕ್ಕೆ 6 ಗಂಟೆಯಾದ್ರೂ ತೇವಾಂಶ 90% ಇದ್ರೆ ಹರಡುತ್ತೆ. ನೀರು ಬುಡಕ್ಕೆ ಮಾತ್ರ ಹಾಕಿ, ಎಲೆ ನೆನೆಸಬೇಡಿ. ಎಲೆ, ಕಾಂಡದ ಮೇಲೆ ಕಂದು ಮಚ್ಚೆ ಕಂಡ್ರೆ ಅವತ್ತೇ ಚೆನ್ನಾಗಿರೋ ಕಾಯಿಯೆಲ್ಲ ಕಿತ್ತು, ಬೇರೆ ಪೆಟ್ಟಿಗೆಯಲ್ಲಿಟ್ಟು ದಿನಾ ನೋಡಿ.

ಮುಂದಿನ ವರ್ಷ ಹೊರಗೆ ಬೆಳೆಯೋದಾದ್ರೆ ಮನಿಮೇಕರ್ ಬಿಟ್ಟು ಸನ್‌ಗೋಲ್ಡ್ ಅಥವಾ ಗಾರ್ಡನರ್ಸ್ ಡಿಲೈಟ್ ಹಾಕಿ. ಚಿಕ್ಕ ಹಣ್ಣು, ಬೇಗ ಮಾಗುತ್ತೆ.