ಹಳೆಯ ಕಂಪ್ಯೂಟರಿಗೆ ಅಬಿವರ್ಡ್ ಸಾಕಾಗುವುದೇ?

ಪ್ರಶ್ನೆ:
ನನ್ನ ಕಂಪ್ಯೂಟರಿನಲ್ಲಿ 2 ಜಿಬಿ ರ‍್ಯಾಮ್ ಮಾತ್ರ ಇದೆ. ಪತ್ರಗಳನ್ನೂ ಐದಾರು ಪುಟಗಳ ಲೇಖನಗಳನ್ನೂ ಬರೆಯಲು ಅಬಿವರ್ಡ್ ಎಂಬ ಪದ ಸಂಸ್ಕರಣ (ಬರಹ ಸಿದ್ಧಪಡಿಸುವ) ತಂತ್ರಾಂಶ ಸಾಕಾಗುವುದೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಲಿನಕ್ಸ್‌ನಲ್ಲಿ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಿಮ್ಮ ಅಗತ್ಯಕ್ಕೆ ಧಾರಾಳವಾಗಿ ಸಾಕು. 1998ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶವು ಪದ ಸಂಸ್ಕರಣೆಯೊಂದನ್ನೇ ಮಾಡುವುದರಿಂದ ಬೇಗ ತೆರೆದುಕೊಳ್ಳುತ್ತದೆ. ಕಾಗುಣಿತ ಪರೀಕ್ಷೆ, ಕೋಷ್ಟಕ, ಅಡಿಟಿಪ್ಪಣಿಗಳೆಲ್ಲವೂ ಇವೆ. ಕಮಾಂಡ್ ಸಾಲಿನಿಂದಲೇ (ಆದೇಶವನ್ನು ಟೈಪ್ ಮಾಡಿ) ಕಡತಗಳನ್ನು ಬೇರೆ ನಮೂನೆಗೆ ಪರಿವರ್ತಿಸಬಹುದೆಂಬುದು ಹೆಚ್ಚಿನವರ ಗಮನಕ್ಕೆ ಬಾರದ ಅನುಕೂಲ.

ಉತ್ತರ 2:
ಮೇಲಿನವರ ಹೊಗಳಿಕೆ ತುಸು ಅತಿಯಾಯಿತು. ನೀವೊಬ್ಬರೇ ಬರೆದು ಮುದ್ರಿಸುವುದಾದರೆ ತೊಂದರೆಯಿಲ್ಲ; ಆದರೆ ಇತರರು ಕಳುಹಿಸುವ ಡಾಕ್ಸ್ (ಮೈಕ್ರೋಸಾಫ್ಟ್ ವರ್ಡ್ ನಮೂನೆಯ) ಕಡತಗಳಲ್ಲಿ ಚಿತ್ರಗಳೂ ಸಂಕೀರ್ಣ ಕೋಷ್ಟಕಗಳೂ ಇದ್ದರೆ ಪುಟವಿನ್ಯಾಸ ಕದಲುವ ಸಾಧ್ಯತೆ ಹೆಚ್ಚು. ಅಬಿವರ್ಡ್‌ನದೇ ಆದ ಎಬಿಡಬ್ಲ್ಯೂ ನಮೂನೆಯನ್ನು ತೆರೆಯಬಲ್ಲ ತಂತ್ರಾಂಶಗಳು ವಿರಳವಾದ್ದರಿಂದ, ಹಂಚಿಕೊಳ್ಳಬೇಕಾದ ಬರಹವನ್ನು ಇತರ ತಂತ್ರಾಂಶಗಳೂ ತೆರೆಯಬಲ್ಲ ಆರ್‌ಟಿಎಫ್ ಅಥವಾ ಓಡಿಟಿ ನಮೂನೆಯಲ್ಲಿ ಉಳಿಸಿಕೊಳ್ಳಿ.

ಉತ್ತರ 3:
ನೀವು ಬಳಸುವುದು ವಿಂಡೋಸ್ ಆದರೆ ಮಾತು ಬೇರೆ. ಅದಕ್ಕಾಗಿ ಅಬಿವರ್ಡ್‌ನ ಹೊಸ ಅಧಿಕೃತ ಆವೃತ್ತಿಗಳು ಬರುವುದು ನಿಂತು ಬಹುಕಾಲವಾಗಿದೆ. ವಿಂಡೋಸ್ ಜೊತೆಗೇ ಬರುತ್ತಿದ್ದ ಹಗುರವಾದ ವರ್ಡ್‌ಪ್ಯಾಡ್ ಅನ್ನೂ ಮೈಕ್ರೋಸಾಫ್ಟ್ 2024ರಲ್ಲಿ, ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಕೈಬಿಟ್ಟಿತು. ಆದ್ದರಿಂದ ಅಲ್ಲಿ, ತೆರೆದುಕೊಳ್ಳಲು ಕೊಂಚ ತಡವಾದರೂ, ಉಚಿತ ಪದ ಸಂಸ್ಕರಣ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್ ಅನ್ನೇ ಆರಿಸುವುದು ವಾಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನನ್ನದು ಲಿನಕ್ಸ್, ಅಬಿವರ್ಡ್ ಹಾಕಿಕೊಂಡು, ಬರಹಗಳನ್ನು ಓಡಿಟಿಯಲ್ಲಿ ಉಳಿಸುತ್ತೇನೆ.