ಪದಚರ್ಚೆ: 'ಆನುವಂಶಿಕ ರೋಗನಿರೋಧಕತೆ' – ವಂಶದಿಂದ ಬಂದದ್ದು ರೋಗವೋ, ನಿರೋಧಕತೆಯೋ?

ಎಲ್ಲರಿಗೂ ನಮಸ್ಕಾರ.

ಮರಗೆಣಸಿಗೆ ವೈರಸ್‌ನಿಂದ ಬರುವ ಮೊಸಾಯಿಕ್ ರೋಗದ ಬಗ್ಗೆ ರೈತರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. 'ಆನುವಂಶಿಕ ರೋಗನಿರೋಧಕತೆಯ ತಳಿ' ಎಂದು ಬರೆದು ಊರಲ್ಲಿ ಚಿಕ್ಕಪ್ಪನಿಗೆ ಓದಿ ಹೇಳಿದೆ. ಹಿತ್ತಲಲ್ಲಿ ಹತ್ತಿಪ್ಪತ್ತು ಬುಡ ಮರಗೆಣಸು ಬೆಳೆಯುವವರು ಅವರು. "ರೋಗ ವಂಶದಿಂದಲೇ ಬರುದಾದ್ರೆ ಹೊಸ ತಳಿ ತಂದು ಎಂತ ಮಾಡುದು ಮಾರಾಯಾ?" ಅಂದರು.

ತಪ್ಪು ಅವರದಲ್ಲ, ನನ್ನ ಸಮಾಸದ್ದು. ನಾನು 'ಆನುವಂಶಿಕವಾದ ನಿರೋಧಕತೆ' ಅಂದುಕೊಂಡು ಬರೆದೆ, ಅವರಿಗೆ 'ಆನುವಂಶಿಕ ರೋಗ' ಕೇಳಿಸಿತು. ಭತ್ತವಾಗಿದ್ದರೆ ಗೊಂದಲ ಇಷ್ಟು ಬಲಿಯುತ್ತಿರಲಿಲ್ಲವೇನೋ. ಮರಗೆಣಸನ್ನು ಬಿತ್ತುವುದಿಲ್ಲ, ಕಾಂಡವನ್ನು ತುಂಡು ಮಾಡಿ ಊರುತ್ತೇವೆ. ವೈರಸ್ ಬಿಳಿನೊಣದಿಂದಲೂ ಬರುತ್ತದೆ, ಹೋದ ವರ್ಷದ ಕಡ್ಡಿಯೊಳಗೆ ಕೂತೂ ಬರುತ್ತದೆ. ಚಿಕ್ಕಪ್ಪ ತೋರಿಸಿದ ಎಳೆ ಗಿಡದಲ್ಲಿ ಚಿಗುರಿದ ಮೊದಲ ಎಲೆಗಳೇ ಹಳದಿ ಹಸಿರು ತೇಪೆಯಾಗಿ, ಒಂದು ಮಗ್ಗುಲು ಕುಗ್ಗಿ ಸೊಟ್ಟಗಾಗಿದ್ದವು. "ತಾಯಿ ಕಡ್ಡಿಯದ್ದೇ ಇದು" ಅಂದರು. ಅವರ ಲೆಕ್ಕದಲ್ಲಿ ಅದೂ ವಂಶವೇ.

ಸಸ್ಯಶಾಸ್ತ್ರದ ಲೆಕ್ಕ ಬೇರೆ. 1930ರ ದಶಕದಲ್ಲಿ, ಇಂದಿನ ಟಾಂಜಾನಿಯಾದ ಅಮಾನಿ ಸಂಶೋಧನಾ ಕೇಂದ್ರದಲ್ಲಿ ಸ್ಟೋರಿ ಮತ್ತು ನಿಕೋಲ್ಸ್ ಎಂಬ ವಿಜ್ಞಾನಿಗಳು ಮರಗೆಣಸನ್ನು ಅದರ ನೆಂಟನಾದ ಸಿಯಾರಾ ರಬ್ಬರ್ ಮರದೊಂದಿಗೆ ಸಂಕರ ಮಾಡಿದರು. ರೋಗ ತಡೆಯುವ ಗುಣ ಬಂತು, ಗೆಡ್ಡೆ ಕೆಟ್ಟಿತು. ಗೆಡ್ಡೆ ಸರಿಯಾಗಲೆಂದು ಮತ್ತೆ ಮತ್ತೆ ಮರಗೆಣಸಿಗೇ ಕೂಡಿಸಿದರು. ಆ ಸಾಲಿನ ಬೀಜ ನೈಜೀರಿಯಾದ ಇಬಾಡಾನ್‌ಗೆ ಹೋಯಿತು. ಅಲ್ಲಿ ಆರಿಸಿದ 58308 ಎಂಬ ಗಿಡವನ್ನು ಬಳಸಿ 1970ರ ದಶಕದಿಂದ ಟಿಎಂಎಸ್ 30572 ಮೊದಲಾದ ತಳಿಗಳು ಬಂದವು. ನಮ್ಮ ಪಕ್ಕದ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ 'ಶ್ರೀ ಪದ್ಮನಾಭ' ತಳಿಯ ಮೂಲವೂ ನೈಜೀರಿಯಾವೇ. ಹೂವಿಗೆ ಹೂವು ಕೂಡಿ ಬೀಜವಾಗುವ ಈ ಹಂತದಲ್ಲಷ್ಟೇ 'ವಂಶ'ಕ್ಕೆ ಪೂರ್ತಿ ಅರ್ಥ. ಆಮೇಲೆ ಕಡ್ಡಿಯಿಂದ ಕಡ್ಡಿಗೆ ಸಾಗುವುದು ಅದೇ ಒಂದು ಗಿಡ.

ಹಾಗಾಗಿ 'ಹುಟ್ಟುಗುಣ' ಎಂದರೆ ಹೇಗೆ ಎಂದು ಯೋಚಿಸಿದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಬೆನ್ನಿಗೇ ಬರುತ್ತದೆ, ಪದಕ್ಕೆ ಸ್ವಲ್ಪ ಬೈಗುಳದ ವಾಸನೆಯೂ ಇದೆ. ತಮಾಷೆಯೆಂದರೆ, ಪಶ್ಚಿಮ ಆಫ್ರಿಕಾದ ನಾಟಿ ತಳಿಗಳಲ್ಲಿ ಸಿಕ್ಕಿದ ಸಿಎಂಡಿ2 ಎಂಬ ನಿರೋಧಕ ಗುಣ, ಅಂಗಾಂಶ ಕೃಷಿಯಲ್ಲಿ, ಅಂದರೆ ಗಿಡದ ಚೂರನ್ನು ಸೀಸೆಯಲ್ಲಿ ಬೆಳೆಸುವಾಗ, ಭ್ರೂಣದ ಹಂತ ದಾಟಿಸಿ ಬೆಳೆಸಿದ ಗಿಡಗಳಲ್ಲಿ ಮಾಯವಾದದ್ದುಂಟು. ಸುಟ್ಟರೂ ಹೋಗದ್ದು ಸೀಸೆಯಲ್ಲಿ ಹೋಯಿತು! ಸದ್ಯಕ್ಕೆ ನನ್ನ ಒಲವು 'ರೋಗ ತಡೆಯುವ ತಳಿಗುಣ' ಎಂಬುದರ ಕಡೆಗೆ. 'ರೋಗಕ್ಕೆ ಆನುವಂಶಿಕ ನಿರೋಧಕತೆ' ಎಂದು ಪದ ಹಿಂದುಮುಂದು ಮಾಡಿದರೂ ಅರ್ಥ ನೆಟ್ಟಗಾಗುತ್ತದೆ, ಓದಲು ಮಾತ್ರ ಸರ್ಕಾರಿ ಸುತ್ತೋಲೆಯಂತಿದೆ.

'ನಿರೋಧಕ'ದ ಮೇಲೂ ನನಗೆ ಅನುಮಾನ. ಅದನ್ನು ಕೇಳಿದವರು ರೋಗ ಬಾಗಿಲಲ್ಲೇ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ಈ ತಳಿಗಳಲ್ಲಿ ಎಷ್ಟೋ ಗಿಡಗಳಿಗೆ ಸೋಂಕು ತಗಲುತ್ತದೆ. ವೈರಸ್ ಇಡೀ ಗಿಡಕ್ಕೆ ಹಬ್ಬುವುದಿಲ್ಲ, ಮೇಲಿನ ಎಲೆಗಳು ಚೊಕ್ಕವಾಗಿ ಬರುತ್ತವೆ, ಕೆಲವೊಮ್ಮೆ ಅದರಿಂದ ಕೊಯ್ದ ಕಡ್ಡಿಯೂ ಶುದ್ಧವಾಗಿರುತ್ತದೆ. 'ರೋಗಸಹಿಷ್ಣು' ಎನ್ನೋಣವೆಂದರೆ ಅದು ವೈರಸ್ ಮೈತುಂಬ ಇದ್ದೂ ಇಳುವರಿ ಕೊಡುವ ಗಿಡಕ್ಕೆ ಮೀಸಲು. 'ರೋಗಮುಕ್ತ' ಎಂಬುದು ಕೈಯಲ್ಲಿರುವ ಕಡ್ಡಿಯ ಇವತ್ತಿನ ಸ್ಥಿತಿ, ತಳಿಯ ಗುಣವಲ್ಲ. ಈ ಮೂರನ್ನೂ ಒಂದರ ಬದಲು ಇನ್ನೊಂದು ಬಳಸುವುದನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಬಳಸಿದ್ದೇನೆ.

ಇಷ್ಟೆಲ್ಲ ವಿವರಿಸಿದ ಮೇಲೆ ಚಿಕ್ಕಪ್ಪ ಕೇಳಿದ್ದು: "ಗಟ್ಟಿ ಜಾತಿ ಅಂತ ಬರೆದ್ರೆ ಆಗುದಿಲ್ವಾ?" ಮಳೆಗಾಳಿಗೆ ಜಗ್ಗದ ಗಿಡಕ್ಕೂ ಅವರು ಅದೇ ಮಾತು ಹೇಳುತ್ತಾರೆ, ಹಾಗಾಗಿ ಹಿಂಜರಿದೆ. ರೋಗ ತಗಲಿಯೂ ಅದನ್ನು ಹಬ್ಬಲು ಬಿಡದ ಗಿಡಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯೇ? ಅಡಿಕೆ, ಬಾಳೆ, ಏಲಕ್ಕಿ ಬೆಳೆಯುವವರ ಬಾಯಲ್ಲಿ ಕೇಳಿದ್ದರೂ ಸರಿ, ದಯವಿಟ್ಟು ತಿಳಿಸಿ.